ಸ್ಪ್ಯಾನಿಷ್ ನಾಡಿನಲ್ಲಿ ಕನ್ನಡಿಗ: ಹೊಂದಾಣಿಕೆಯ ಭಾಷಿಕ ನೆಲೆಗಳು

೧. ಪ್ರಸ್ತಾವನೆ

ಪರದೇಶದಲ್ಲಿ ನೆಲೆಸಹೊರಟವರ ತೊಡಕುಗಳನ್ನು ಕುರಿತು ಹೇಳುವಾಗ ಹವೆ, ಆಹಾರ, ಉಡುಪು, ಒಂಟಿತನ ಇವುಗಳನ್ನು ಮುಂದಿಡುವುದು ವಾಡಿಕೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ ೧೯೬೦ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ 'ಸಾಂಸ್ಕೃತಿಕ ಆಘಾತ' ಎಂಬ ಪರಿಕಲ್ಪನೆಯನ್ನು ವಿವರಿಸುತ್ತ, ಹೊಸ ನಾಡಿಗೆ ಬಂದವನು ಮೊದಲು ಬೆರಗು, ಅನಂತರ ಬೇಸರ ಮತ್ತು ಸಿಟ್ಟು, ಆಮೇಲೆ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂಬ ಹಂತಗಳನ್ನು ದಾಟುತ್ತಾನೆಂದು ಹೇಳಿದ್ದಾನೆ. ಈ ಆಘಾತಕ್ಕೆ ಆತ ಕೊಡುವ ಕಾರಣ ಗಮನಾರ್ಹವಾದುದು. ಜನರೊಡನೆ ವ್ಯವಹರಿಸುವಾಗ ನಾವು ಅರಿವಿಲ್ಲದೆಯೇ ಬಳಸುವ ಪರಿಚಿತ ಸಂಕೇತಗಳೆಲ್ಲ ಒಮ್ಮೆಲೇ ಕೈತಪ್ಪಿಹೋಗುವುದೇ ಆ ಕಾರಣ. ಯಾರನ್ನು ಹೇಗೆ ಮಾತನಾಡಿಸಬೇಕು, ಯಾವ ಹೊತ್ತಿಗೆ ಏನು ಹೇಳಬೇಕು, ಬೀಳ್ಕೊಳ್ಳುವಾಗ ಯಾವ ಮಾತು ಸಲ್ಲುತ್ತದೆ ಎಂಬ ಈ ಸಂಕೇತಗಳಲ್ಲಿ ಬಹುಪಾಲು ಭಾಷೆಗೆ ಸೇರಿದವು. ಆದ್ದರಿಂದ ಹೊಂದಾಣಿಕೆಯ ಅಧ್ಯಯನವು ಭಾಷಾಧ್ಯಯನವೂ ಆಗಬೇಕಾಗುತ್ತದೆ.

ಕನ್ನಡಿಗರ ವಿದೇಶವಾಸದ ಅನುಭವವು ಬಹುಮಟ್ಟಿಗೆ ಇಂಗ್ಲಿಷ್ ನಡೆಯುವ ನಾಡುಗಳಿಗೆ ಸಂಬಂಧಿಸಿದುದು. ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗುವ ವಿದ್ಯಾವಂತ ಕನ್ನಡಿಗನು ಅಲ್ಲಿನ ಭಾಷೆಯನ್ನು ಊರಿನಲ್ಲಿಯೇ ಕಲಿತು ಹೋಗಿರುತ್ತಾನೆ. ಸ್ಪ್ಯಾನಿಷ್ ಭಾಷೆಯ ನಾಡುಗಳಲ್ಲಿ ಸ್ಥಿತಿ ಬೇರೆ. ಸ್ಪೇನ್, ಅಮೆರಿಕ ಖಂಡಗಳ ಹದಿನೆಂಟು ದೇಶಗಳು ಹಾಗೂ ಆಫ್ರಿಕದ ಇಕ್ವಟೋರಿಯಲ್ ಗಿನಿ ಸೇರಿ ಇಪ್ಪತ್ತು ಸ್ವತಂತ್ರ ರಾಷ್ಟ್ರಗಳಲ್ಲಿ ಸ್ಪ್ಯಾನಿಷ್ ಆಡಳಿತ ಭಾಷೆಯಾಗಿದೆ. ಉದ್ಯೋಗ, ಸಂಶೋಧನೆ, ವ್ಯಾಸಂಗ, ವಿವಾಹ ಮೊದಲಾದ ನಿಮಿತ್ತಗಳಿಂದ ಈ ನಾಡುಗಳಿಗೆ ಹೋಗುವ ಕನ್ನಡಿಗನು ಕಚೇರಿಯೊಳಗೆ ಇಂಗ್ಲಿಷಿನಿಂದ ಕೆಲಸ ಸಾಗಿಸಿದರೂ ಬೀದಿಯಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಶಾಲೆಯಲ್ಲಿ, ನಗರಸಭೆಯಲ್ಲಿ ಅಕ್ಷರಬಾರದವನಂತಾಗುತ್ತಾನೆ. ಉದ್ಯೋಗವಿಲ್ಲದೆ ಜೊತೆಗೆ ಹೋದ ಮಡದಿಯ ಅಥವಾ ವೃದ್ಧ ತಂದೆತಾಯಿಯರ ಪಾಡು ಇನ್ನೂ ಕಷ್ಟದ್ದು.

ಇಂಥವರು ಸ್ಪ್ಯಾನಿಷನ್ನು ಕಲಿಯಹೊರಟಾಗ ಸಾಮಾನ್ಯವಾಗಿ ಕೈಗೆ ಸಿಗುವುದು ಇಂಗ್ಲಿಷ್ ಬಲ್ಲವರಿಗಾಗಿ ಇಂಗ್ಲಿಷಿನಲ್ಲಿಯೇ ರಚಿತವಾದ ಪಾಠಗಳು. ಇಂಗ್ಲಿಷರಿಗೆ ಯಾವುದು ಕಠಿಣವೋ ಅದನ್ನು ಕಠಿಣವೆಂದೂ ಯಾವುದು ವಿಚಿತ್ರವೋ ಅದನ್ನು ವಿಚಿತ್ರವೆಂದೂ ಆ ಪಾಠಗಳು ಕನ್ನಡಿಗನಿಗೂ ಕಲಿಸುತ್ತವೆ. ರಾಬರ್ಟ್ ಲಾಡೊ ೧೯೫೭ರಲ್ಲಿ ವ್ಯತಿರೇಕಾತ್ಮಕ ವಿಶ್ಲೇಷಣೆಯ ಬಗೆಗೆ ಬರೆದ ಗ್ರಂಥದಲ್ಲಿ, ಕಲಿಯುವವನ ಮಾತೃಭಾಷೆಗೂ ಕಲಿಯಬೇಕಾದ ಭಾಷೆಗೂ ಇರುವ ಸಾಮ್ಯಭೇದಗಳನ್ನು ಮೊದಲು ಗುರುತಿಸಿಕೊಳ್ಳಬೇಕೆಂದು ಪ್ರತಿಪಾದಿಸಿದನು. ಭಾಷೆಗಳನ್ನು ಮಾತ್ರವಲ್ಲದೆ ಸಂಸ್ಕೃತಿಗಳನ್ನೂ ಹೀಗೆ ಹೋಲಿಸಬೇಕೆಂಬುದು ಅವನ ಮತ. ಈತ ಸ್ಪೇನಿನಿಂದ ಅಮೆರಿಕಕ್ಕೆ ವಲಸೆ ಹೋದ ತಂದೆತಾಯಿಯರ ಮಗನೆಂಬುದು ಇಲ್ಲಿ ಸ್ಮರಣೀಯ. ಈ ವಿಧಾನವನ್ನು ಅನುಸರಿಸಿ, ಮುಖ್ಯವಾಗಿ ಸ್ಪೇನ್ ದೇಶವನ್ನು ಗಮನದಲ್ಲಿರಿಸಿಕೊಂಡು, ಕನ್ನಡಿಗನ ಹೊಂದಾಣಿಕೆಯ ಭಾಷಿಕ ನೆಲೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷನ್ನು ನಡುವೆ ತರದೆ ಕನ್ನಡದಿಂದ ನೇರವಾಗಿ ಸ್ಪ್ಯಾನಿಷಿನತ್ತ ಹೋದರೆ ಅನೇಕ ತೊಡಕುಗಳು ಸಡಿಲವಾಗುತ್ತವೆ ಎಂಬುದೂ, ಎರಡು ಭಾಷೆಗಳ ಸಾಮ್ಯವು ಹೊರನೋಟದ್ದಷ್ಟೇ ಆಗಿರುವ ಕಡೆಗಳಲ್ಲಿ ಕನ್ನಡಿಗನು ಹೆಚ್ಚು ಎಚ್ಚರದಿಂದಿರಬೇಕು ಎಂಬುದೂ ಇಲ್ಲಿನ ಮುಖ್ಯ ವಾದ.

೨. ಧ್ವನಿಯ ನೆಲೆ

ಸ್ಪ್ಯಾನಿಷಿನಲ್ಲಿ ಅ, ಎ, ಇ, ಒ, ಉ ಎಂಬ ಐದು ಸ್ವರಗಳಿವೆ. ಇಂಗ್ಲಿಷಿನಂತೆ ಸ್ವರಗಳು ಅಕ್ಷರಕ್ಕೊಂದು, ಪದಕ್ಕೊಂದು ರೂಪ ತಾಳುವುದಿಲ್ಲ. ಬರೆದುದನ್ನು ಬಹುಮಟ್ಟಿಗೆ ಬರೆದಂತೆಯೇ ಓದಬಹುದು. ಇಲ್ಲಿನ ತಕಾರ ದಕಾರಗಳು ದಂತ್ಯಗಳು. ಪ, ತ, ಕ ಇವು ಅಲ್ಪಪ್ರಾಣಗಳು. ಇಂಗ್ಲಿಷರು ಪದಾದಿಯ ಈ ವ್ಯಂಜನಗಳಿಗೆ ಉಸಿರು ಸೇರಿಸಿ ನುಡಿಯುವುದರಿಂದ ಅವರಿಗೆ ವಿಶೇಷ ಅಭ್ಯಾಸ ಬೇಕಾಗುತ್ತದೆ. ಕನ್ನಡಿಗನಿಗೆ ಅದು ಹುಟ್ಟಿನಿಂದ ಬಂದುದು. 'ವರ್ಷ' ಎಂಬರ್ಥದ 'ಅಞೊ' ಪದದಲ್ಲಿ ಬರುವ ಧ್ವನಿ ನಮ್ಮ ವರ್ಣಮಾಲೆಯ ಞಕಾರವೇ ಆಗಿದೆ. ಇದನ್ನು ನಕಾರವಾಗಿ ನುಡಿದರೆ ಅರ್ಥ ಬದಲಾಗಿ, ವಯಸ್ಸನ್ನು ಹೇಳುವವನು ನಗೆಪಾಟಲಾಗುವ ಸಂಭವವಿದೆ.

ರೇಫದ ವಿಷಯ ಹಳಗನ್ನಡವನ್ನು ಬಲ್ಲವರಿಗೆ ಸ್ವಾರಸ್ಯಕರವಾದುದು. 'ಪೆರೊ' ಎಂದರೆ 'ಆದರೆ'. ರೇಫವನ್ನು ಬಲವಾಗಿ ಕಂಪಿಸಿ 'ಪೆಱೊ' ಎಂದರೆ 'ನಾಯಿ'. ಹಳಗನ್ನಡದಲ್ಲಿ ಅರಿ (ಕತ್ತರಿಸು) ಮತ್ತು ಅಱಿ (ತಿಳಿ) ಎಂಬ ಪದಗಳನ್ನು ಬೇರ್ಪಡಿಸುತ್ತಿದ್ದ ರೇಫ–ಶಕಟರೇಫಗಳ ವ್ಯತ್ಯಾಸವು ಹೊಸಗನ್ನಡದಲ್ಲಿ ಅಳಿದುಹೋಗಿದೆ. ಎರಡು ರೇಫಗಳ ಉಚ್ಚಾರಣೆ ಎರಡು ಭಾಷೆಗಳಲ್ಲಿ ಒಂದೇ ಆಗಿತ್ತೆಂದು ಹೇಳಲಾಗದಿದ್ದರೂ, ಎರಡು ಬಗೆಯ ರೇಫಗಳು ಅರ್ಥವನ್ನು ಬೇರ್ಪಡಿಸಬಲ್ಲವೆಂಬ ತತ್ತ್ವ ಕನ್ನಡ ವ್ಯಾಕರಣ ಪರಂಪರೆಗೆ ಹೊಸದಲ್ಲ. ಹಾಗೆಯೇ ಸ್ಪ್ಯಾನಿಷಿನಲ್ಲಿ ಬರೆಯುವ ಹಕಾರವನ್ನು ಉಚ್ಚರಿಸುವುದಿಲ್ಲ. ಲ್ಯಾಟಿನ್ನಿನ ಪದಾದಿಯ ಫಕಾರವು ಅನೇಕ ಕಡೆ ಹಕಾರವಾಗಿ ಅನಂತರ ಲೋಪವಾದುದು ಇದಕ್ಕೆ ಒಂದು ಮುಖ್ಯ ಕಾರಣ. ಪಾಲ್ ಎಂಬುದು ಹಾಲು ಆಗಿ, ಹಳೆಯ ಮೈಸೂರು ಸೀಮೆಯ ಗ್ರಾಮ್ಯದಲ್ಲಿ 'ಆಲು' ಆದುದನ್ನು ಬಲ್ಲ ಕನ್ನಡಿಗನಿಗೆ ಈ ಬದಲಾವಣೆಯನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಆದರೆ ಧ್ವನಿಯ ನೆಲೆಯಲ್ಲಿಯೇ ಒಂದು ದೊಡ್ಡ ತೊಡಕೂ ಉಂಟು. ಕನ್ನಡದಲ್ಲಿ ಹ್ರಸ್ವದೀರ್ಘಗಳು ಅರ್ಥಭೇದಕಗಳು. ಪದದ ಯಾವ ಅಕ್ಷರವನ್ನು ಒತ್ತಿ ನುಡಿದರೂ ಅರ್ಥ ಕೆಡುವುದಿಲ್ಲ. ಸ್ಪ್ಯಾನಿಷಿನಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ ದೀರ್ಘಕ್ಕೆ ಬೆಲೆಯಿಲ್ಲ, ಒತ್ತಿಗೆ ಬೆಲೆಯುಂಟು. ಮೊದಲ ಅಕ್ಷರವನ್ನು ಒತ್ತಿದ 'ಕೊಂಪ್ರೊ' ಎಂದರೆ 'ಕೊಳ್ಳುತ್ತೇನೆ'. ಕೊನೆಯ ಅಕ್ಷರವನ್ನು ಒತ್ತಿದರೆ 'ಕೊಂಡನು' ಅಥವಾ 'ಕೊಂಡಳು'. ಒತ್ತನ್ನು ಗಮನಿಸದೆ ಸಮನಾಗಿ ನುಡಿಯುವ ಕನ್ನಡಿಗನ ಮಾತು ವ್ಯಾಕರಣಶುದ್ಧವಾಗಿದ್ದರೂ ಕೇಳುವವನಿಗೆ ತಿಳಿಯದೆ ಹೋಗುತ್ತದೆ. ಇದಕ್ಕೆ ಕನ್ನಡ ಲಿಪಿಯಲ್ಲಿಯೇ ಒಂದು ಉಪಾಯವಿದೆ. ಒತ್ತುಳ್ಳ ಅಕ್ಷರವು ಕನ್ನಡಿಗನ ಕಿವಿಗೆ ದೀರ್ಘದಂತೆ ಕೇಳಿಸುವುದರಿಂದ ಆಲೂಗಡ್ಡೆಗೆ 'ಪಾಪ', ಅಪ್ಪನಿಗೆ 'ಪಪಾ' ಎಂದು ಬರೆದುಕೊಂಡರೆ ಆರಂಭದ ಅಭ್ಯಾಸಕ್ಕೆ ಸಾಕಾಗುತ್ತದೆ. ಒತ್ತೇ ದೀರ್ಘವೆಂದು ತಿಳಿಯಬಾರದು. ದೀರ್ಘವನ್ನು ಒತ್ತಿನ ಗುರುತಾಗಿ ಬಳಸಿಕೊಳ್ಳಬಹುದು.

೩. ವಾಕ್ಯದ ನೆಲೆ

ಇಷ್ಟಾನಿಷ್ಟಗಳನ್ನೂ ನೋವನ್ನೂ ಹೇಳುವ ಬಗೆಯಲ್ಲಿ ಕನ್ನಡ ಮತ್ತು ಸ್ಪ್ಯಾನಿಷ್ ಭಾಷೆಗಳು ಹತ್ತಿರ ಬರುತ್ತವೆ. 'ನನಗೆ ಕಾಫಿ ಸೇರುತ್ತದೆ' ಎನ್ನುವಾಗ ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿದ್ದು, ಕ್ರಿಯಾಪದವು ಕಾಫಿಯನ್ನು ಅನುಸರಿಸುತ್ತದೆ. 'ಮೆ ಗುಸ್ತ ಎಲ್ ಕಾಫೆ' ಎಂಬ ಸ್ಪ್ಯಾನಿಷ್ ವಾಕ್ಯದ ಕಟ್ಟಡ ಇದೇ. ಇಷ್ಟವಾದ ವಸ್ತು ಬಹುವಚನದಲ್ಲಿದ್ದರೆ 'ಸೇರುತ್ತವೆ' ಎಂಬಂತೆ ಅಲ್ಲಿಯೂ 'ಗುಸ್ತಾನ್' ಎಂದಾಗುತ್ತದೆ. ಇಂಗ್ಲಿಷಿನ ಪಾಠಪುಸ್ತಕಗಳು ಇದನ್ನು ತಲೆಕೆಳಗಾದ ವಾಕ್ಯವೆಂದು ಪುಟಗಟ್ಟಲೆ ವಿವರಿಸುತ್ತವೆ. ವೈದ್ಯನ ಮುಂದೆ ಹೇಳುವ 'ಮೆ ದ್ವೆಲೆ ಲ ಕಬೇಸ' ಎಂಬುದು ಪದಶಃ 'ನನಗೆ ತಲೆ ನೋಯುತ್ತದೆ' ಎಂದೇ ಆಗಿದೆ. ರೋಗದ ಹೊತ್ತಿನಲ್ಲಿ ಮೊದಲು ನೆನಪಿಗೆ ಬರುವುದು ತಾಯಿನುಡಿ. ಆ ತಾಯಿನುಡಿಯ ಕಟ್ಟಡವೇ ಅಲ್ಲಿ ನೆರವಿಗೆ ಬರುವುದೆಂದು ತಿಳಿದಿದ್ದರೆ ಕಲಿಯುವವರ ಅಂಜಿಕೆ ಕಡಿಮೆಯಾಗುತ್ತದೆ. ಎಲ್ಲ ಅನುಭವಗಳಿಗೂ ಈ ಕಟ್ಟಡ ಸಲ್ಲುವುದಿಲ್ಲ. 'ನನಗೆ ಹಸಿವು' ಎನ್ನಲು ಅಲ್ಲಿ 'ಹಸಿವನ್ನು ಹೊಂದಿದ್ದೇನೆ' ಎಂಬರ್ಥ ಬರುವ 'ತೆಂಗೊ ಆಂಬ್ರೆ' ಎನ್ನಬೇಕು.

ಎರಡನೆಯದಾಗಿ, ಕ್ರಿಯಾಪದದ ಕೊನೆಯ ಪ್ರತ್ಯಯವು ಕರ್ತೃವನ್ನು ಸೂಚಿಸುವುದರಿಂದ ಸರ್ವನಾಮವನ್ನು ಬಿಡುವುದು ಎರಡೂ ಭಾಷೆಗಳಲ್ಲಿ ಸಹಜ. 'ಬಂದೆ' ಎಂದರೆ ಸಾಕು, 'ನಾನು' ಬೇಕಿಲ್ಲ. ಇಂಗ್ಲಿಷಿನ ಹಾದಿಯಲ್ಲಿ ಬಂದ ಕನ್ನಡಿಗನು ಪ್ರತಿ ವಾಕ್ಯಕ್ಕೂ 'ಯೊ' ಎಂದು ಸೇರಿಸುತ್ತಾನೆ. ಸ್ಪ್ಯಾನಿಷರ ಕಿವಿಗೆ ಅದು 'ನಾನು, ನಾನು' ಎಂದು ಒತ್ತಿ ಹೇಳಿದಂತೆ ಕೇಳುತ್ತದೆ.

'ಸೆರ್', 'ಎಸ್ತಾರ್' ಎಂಬ ಎರಡು ಅಸ್ತಿತ್ವವಾಚಕ ಧಾತುಗಳ ವಿಷಯದಲ್ಲಿ ಸಾಮ್ಯವು ಭಾಗಶಃ ಮಾತ್ರ ಇದೆ. 'ಆ ಹುಡುಗ ಜಾಣ' ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಇಲ್ಲ. 'ಆ ಹುಡುಗ ಮನೆಯಲ್ಲಿದ್ದಾನೆ', 'ಆ ಹುಡುಗ ಸಿದ್ಧವಾಗಿದ್ದಾನೆ' ಎನ್ನುವಾಗ 'ಇರು' ಬೇಕಾಗುತ್ತದೆ. ಸ್ಪ್ಯಾನಿಷಿನಲ್ಲಿ ಮೊದಲನೆಯದಕ್ಕೆ 'ಸೆರ್', ಉಳಿದವಕ್ಕೆ 'ಎಸ್ತಾರ್' ಬರುತ್ತದೆ. 'ಲಿಸ್ತೊ' ಎಂಬ ಒಂದೇ ವಿಶೇಷಣವು 'ಸೆರ್' ಜೊತೆಗೆ 'ಜಾಣ' ಎಂದೂ 'ಎಸ್ತಾರ್' ಜೊತೆಗೆ 'ಸಿದ್ಧ' ಎಂದೂ ಅರ್ಥ ಕೊಡುತ್ತದೆ. ಕ್ರಿಯಾಪದವಿಲ್ಲದ ಕನ್ನಡ ವಾಕ್ಯಕ್ಕೆ 'ಸೆರ್', 'ಇರು' ಬರುವ ವಾಕ್ಯಕ್ಕೆ 'ಎಸ್ತಾರ್' ಎಂಬ ಸೂತ್ರ ಮೊದಲ ಹೆಜ್ಜೆಗೆ ಒದಗುತ್ತದೆ. ಸಭೆಸಮಾರಂಭಗಳು ನಡೆಯುವ ಸ್ಥಳವನ್ನು ಹೇಳಲು 'ಸೆರ್' ಬರುವುದರಿಂದ ಈ ಸೂತ್ರಕ್ಕೆ ಅಪವಾದಗಳೂ ಇವೆ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬ ಲಿಂಗವ್ಯವಸ್ಥೆಯಾಗಲಿ, ಬಯಕೆ ಸಂದೇಹಗಳಿಗೆ ಬಳಸುವ ಕ್ರಿಯಾರೂಪಗಳಾಗಲಿ ಕನ್ನಡದಿಂದ ಒದಗುವುದಿಲ್ಲ. ಅವನ್ನು ಹೊಸದಾಗಿಯೇ ಕಲಿಯಬೇಕು.

೪. ಸಂಬೋಧನೆ ಮತ್ತು ಮರ್ಯಾದೆ

ಹೊಂದಾಣಿಕೆಯ ದೃಷ್ಟಿಯಿಂದ ಅತ್ಯಂತ ಸೂಕ್ಷ್ಮವಾದ ನೆಲೆ ಇದು. ಸ್ಪ್ಯಾನಿಷಿನಲ್ಲಿ 'ತು' ಮತ್ತು 'ಉಸ್ತೆದ್' ಎಂಬ ಎರಡು ಮಧ್ಯಮಪುರುಷ ಸರ್ವನಾಮಗಳುಂಟು. 'ಉಸ್ತೆದ್' ಎಂಬುದು 'ತಮ್ಮ ಕೃಪೆ' ಎಂಬರ್ಥದ ಹಳೆಯ ಗೌರವೋಕ್ತಿಯೊಂದು ಸವೆದು ಆದ ರೂಪ. ಅದಕ್ಕೆ ಪ್ರಥಮಪುರುಷದ ಕ್ರಿಯಾಪದ ಹತ್ತುತ್ತದೆ. ಆತ್ಮಾರ್ಥಕ ಸರ್ವನಾಮವಾದ 'ತಾವು' ಎಂಬುದನ್ನು ಎದುರಿಗಿರುವವರ ಗೌರವಕ್ಕೆ ಬಳಸುವ ಕನ್ನಡಿಗನಿಗೆ ಇದರ ತರ್ಕ ಸುಲಭವಾಗಿ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲದಿರುವುದರಿಂದ ಇಲ್ಲಿ ಕನ್ನಡವೇ ಉತ್ತಮ ದಾರಿಯೆಂದು ಮೇಲುನೋಟಕ್ಕೆ ತೋರುತ್ತದೆ. ತೊಡಕಿರುವುದೂ ಇಲ್ಲಿಯೇ.

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ೧೯೬೦ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಸರ್ವನಾಮಗಳ ಬಳಕೆಯನ್ನು 'ಅಧಿಕಾರ' ಮತ್ತು 'ಆಪ್ತತೆ' ಎಂಬ ಎರಡು ತತ್ತ್ವಗಳು ನಿಯಂತ್ರಿಸುತ್ತವೆಂದೂ, ಯೂರೋಪಿನ ಭಾಷೆಗಳಲ್ಲಿ ಆಪ್ತತೆಯ ತತ್ತ್ವ ಮೇಲುಗೈ ಪಡೆಯುತ್ತಿದೆಯೆಂದೂ ತೋರಿಸಿದರು. ಇಂದಿನ ಸ್ಪೇನಿನಲ್ಲಿ ಸಹೋದ್ಯೋಗಿ, ಮೇಲಧಿಕಾರಿ, ಅಧ್ಯಾಪಕ, ಅಂಗಡಿಯವ ಇವರೆಲ್ಲರಿಗೂ 'ತು' ಸಾಮಾನ್ಯವಾಗಿ ಸಲ್ಲುತ್ತದೆ. ತೀರ ವಯಸ್ಸಾದವರು, ಅಪರಿಚಿತ ಅಧಿಕಾರಿಗಳು ಇಂಥವರ ಮುಂದೆ 'ಉಸ್ತೆದ್' ಉಳಿದುಕೊಂಡಿದೆ. ಕನ್ನಡದಲ್ಲಿ ವಯಸ್ಸು ಮತ್ತು ಪದವಿಗಳ ಬಲ ಇನ್ನೂ ದೊಡ್ಡದು. ಅನೇಕ ಮನೆಗಳಲ್ಲಿ ತಾಯಿಗೆ 'ನೀನು' ಎಂದರೂ ತಂದೆಗೆ 'ನೀವು' ಎನ್ನಬೇಕು. 'ಏಕವಚನದಲ್ಲಿ ಮಾತನಾಡಿಸಿದ' ಎಂಬುದು ಕನ್ನಡದಲ್ಲಿ ಒಂದು ಆರೋಪ. ಅದರಿಂದ ಜಗಳವೇ ಆಗಬಹುದು. ಅದೇ ಅರ್ಥದ 'ತುತೆಆರ್' ಎಂಬ ಸ್ಪ್ಯಾನಿಷ್ ಕ್ರಿಯಾಪದವು ಸ್ನೇಹದ ಆಹ್ವಾನಕ್ಕೆ ಬಳಕೆಯಾಗುತ್ತದೆ. ಆದ್ದರಿಂದ 'ತು' ಎಂದರೆ 'ನೀನು', 'ಉಸ್ತೆದ್' ಎಂದರೆ 'ನೀವು' ಎಂದು ಬಾಯಿಪಾಠ ಮಾಡಿದ ಕನ್ನಡಿಗನು ಮೇಲಧಿಕಾರಿಗೆ 'ಉಸ್ತೆದ್' ಎಂದು ದೂರ ಉಳಿಯುತ್ತಾನೆ. ತನಗಿಂತ ಕಿರಿಯನಾದ ಗುಮಾಸ್ತನು 'ತು' ಎಂದಾಗ ನೊಂದುಕೊಳ್ಳುತ್ತಾನೆ. ಕೊಟ್ಟ ಮರ್ಯಾದೆಯನ್ನು ಬಿಂಕವೆಂದು ಅವರೂ, ತೋರಿದ ಸಲಿಗೆಯನ್ನು ಅವಮರ್ಯಾದೆಯೆಂದು ಇವನೂ ತಿಳಿಯುವ ಪ್ರಸಂಗ ಹೀಗೆ ಒದಗುತ್ತದೆ.

ದೇಶದಿಂದ ದೇಶಕ್ಕೆ ಈ ವ್ಯವಸ್ಥೆ ಬದಲಾಗುತ್ತದೆಂಬುದನ್ನೂ ಗಮನಿಸಬೇಕು. ಅರ್ಜೆಂಟೀನ, ಉರುಗ್ವೇಗಳಲ್ಲಿ 'ತು' ಬದಲು 'ಬೋಸ್' ಬಳಕೆಯಲ್ಲಿದೆ. ಕೊಲಂಬಿಯದ ಬೊಗೊಟಾ ಪ್ರದೇಶದಲ್ಲಿ ಆಪ್ತರ ನಡುವೆಯೂ 'ಉಸ್ತೆದ್' ಕೇಳಿಬರುತ್ತದೆ. ಬಹುವಚನಕ್ಕೆ ಸ್ಪೇನಿನ ಹೆಚ್ಚಿನ ಭಾಗದಲ್ಲಿ 'ಬೊಸೊತ್ರೊಸ್', 'ಉಸ್ತೆದೆಸ್' ಎಂಬ ಎರಡು ರೂಪಗಳಿದ್ದರೆ ಅಮೆರಿಕದಲ್ಲಿ 'ಉಸ್ತೆದೆಸ್' ಒಂದೇ ಇದೆ.

ಬೇಡಿಕೆಯನ್ನು ಹೇಳುವ ಕ್ರಮದಲ್ಲಿ ಮತ್ತೆ ಕನ್ನಡ–ಸ್ಪ್ಯಾನಿಷ್ ಸಾಮ್ಯ ಕಂಡುಬರುತ್ತದೆ. ಸ್ಪೇನಿನ ಕಾಫಿ ಅಂಗಡಿಯಲ್ಲಿ 'ಪೊನ್‌ಮೆ ಉನ್ ಕಾಫೆ' ಎಂದರೆ 'ನನಗೊಂದು ಕಾಫಿ ಹಾಕು' ಎಂದರ್ಥ. ಅಂಗಡಿಯವನು ಗಿರಾಕಿಯತ್ತ ತಿರುಗಿ 'ದಿಮೆ' ಎನ್ನುತ್ತಾನೆ, ಅಂದರೆ 'ಹೇಳು'. ಇಂಗ್ಲಿಷಿನ ವಿನಯೋಕ್ತಿಗಳನ್ನು ಕಲಿತವನಿಗೆ ಈ ವಿಧ್ಯರ್ಥಕ ರೂಪಗಳು ಒರಟಾಗಿ ತೋರುತ್ತವೆ. ಆದರೆ 'ಎರಡು ಕಾಫಿ ಕೊಡಿ', 'ಹೇಳಿ ಸಾರ್' ಎಂಬ ನಮ್ಮ ಹೋಟೆಲು ಅಂಗಡಿಗಳ ಮಾತೂ ವಿಧ್ಯರ್ಥಕವೇ ತಾನೆ? ವಿನಯವು ಧ್ವನಿಯಲ್ಲಿ, ಮುಖಭಾವದಲ್ಲಿ ಇರುತ್ತದೆ. ಹಾಗೆಯೇ 'ಅಸ್ತ ಲ್ವೇಗೊ' ('ಆಮೇಲೆ ಕಾಣುವವರೆಗೆ') ಎಂದು ಮತ್ತೆಂದೂ ಕಾಣದ ಅಪರಿಚಿತರಿಗೂ ಹೇಳುತ್ತಾರೆ. 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎಂದೇ ಬೀಳ್ಕೊಳ್ಳುವ ಕನ್ನಡಿಗನಿಗೆ ಇದರಲ್ಲಿ ಹುಸಿಯೇನೂ ಕಾಣಬೇಕಾಗಿಲ್ಲ.

೫. ಹೆಸರು ಮತ್ತು ನಂಟು

ಸ್ಪೇನಿನಲ್ಲಿ ವಾಸಿಸುವ ಪ್ರತಿಯೊಬ್ಬನೂ ತಾನಿರುವ ಊರಿನ ನಗರಸಭೆಯ ನಿವಾಸಿಗಳ ದಾಖಲೆಯಲ್ಲಿ ಹೆಸರು ಬರೆಸಬೇಕು. 'ಪದ್ರೋನ್' ಎಂದು ಕರೆಯಲಾಗುವ ಈ ದಾಖಲೆ ಆರೋಗ್ಯಸೇವೆ, ಮಕ್ಕಳ ಶಾಲೆ, ವಾಸದ ಪುರಾವೆ ಎಲ್ಲಕ್ಕೂ ಆಧಾರ. ಅಲ್ಲಿನ ನಮೂನೆಯಲ್ಲಿ ಮೂರು ಮನೆಗಳಿರುತ್ತವೆ: ಹೆಸರು, ಮೊದಲ ಕುಲನಾಮ, ಎರಡನೆಯ ಕುಲನಾಮ. ಸ್ಪ್ಯಾನಿಷರಲ್ಲಿ ವಾಡಿಕೆಯಾಗಿ ಮೊದಲನೆಯದು ತಂದೆಯಿಂದ, ಎರಡನೆಯದು ತಾಯಿಯಿಂದ ಬರುತ್ತದೆ. ೧೯೯೯ರ ಕಾನೂನು ಈ ಕ್ರಮವನ್ನು ಬದಲಿಸಲು ತಂದೆತಾಯಿಯರಿಗೆ ಅವಕಾಶ ಕೊಟ್ಟಿತು. ೨೦೧೭ರಿಂದ ತಂದೆಯ ಕುಲನಾಮಕ್ಕಿದ್ದ ತಾನೇತಾನಾದ ಆದ್ಯತೆಯೂ ಹೋಯಿತು. ಮದುವೆಯಾದ ಹೆಣ್ಣು ತನ್ನ ಕುಲನಾಮವನ್ನು ಬದಲಿಸುವುದಿಲ್ಲ.

ಕನ್ನಡದ ಹೆಸರಿನ ಕಟ್ಟಡ ಇದಕ್ಕೆ ಒಗ್ಗುವಂಥದಲ್ಲ. ಊರು, ತಂದೆಯ ಹೆಸರು, ಕೊನೆಯಲ್ಲಿ ತನ್ನ ಹೆಸರು ಎಂಬುದು ಹಳೆಯ ಮೈಸೂರು ಭಾಗದ ಸಾಮಾನ್ಯ ಕ್ರಮ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮ ಹೆಚ್ಚು. 'ಹೊಸಹಳ್ಳಿ ಸಿದ್ದಪ್ಪ ಮಂಜುನಾಥ' ಎಂಬ ಕಲ್ಪಿತ ಹೆಸರನ್ನು ತೆಗೆದುಕೊಂಡರೆ, ಆ ನಮೂನೆಯಲ್ಲಿ ಊರು 'ಹೆಸರು' ಆಗಿ, ತಂದೆ 'ಮೊದಲ ಕುಲನಾಮ'ವಾಗಿ, ಮಂಜುನಾಥ 'ತಾಯಿಯ ಕುಲನಾಮ'ವಾಗಿಬಿಡುವ ಸಾಧ್ಯತೆಯಿದೆ. ಆಸ್ಪತ್ರೆಯ ಸರತಿಯಲ್ಲಿ ಮಗನನ್ನು ತಂದೆಯ ಹೆಸರಿನಿಂದ ಕರೆದಾಗ ಆತ ಏಳದೆ ಕುಳಿತಿರುವುದೂ ಉಂಟು. ಒಂದೊಂದು ದಾಖಲೆಯಲ್ಲಿ ಒಂದೊಂದು ಕ್ರಮವಾದರೆ ಮುಂದೆ ಎಲ್ಲವೂ ಒಬ್ಬನದೇ ಎಂದು ಸಿದ್ಧಪಡಿಸುವುದು ಕಷ್ಟ. ಪಾಸ್‌ಪೋರ್ಟಿನಲ್ಲಿರುವ ವಿಂಗಡಣೆಯನ್ನೇ ಮೊದಲ ದಾಖಲೆಯಿಂದ ಕೊನೆಯವರೆಗೆ ಉಳಿಸಿಕೊಳ್ಳುವುದು ಇದಕ್ಕೆ ಪರಿಹಾರ. ಮುಂದೆ ಸ್ಪ್ಯಾನಿಷ್ ಪೌರತ್ವವನ್ನು ಪಡೆಯುವವನು ಸಾಮಾನ್ಯವಾಗಿ ಎರಡು ಕುಲನಾಮಗಳನ್ನು ಹೊಂದಬೇಕಾಗುತ್ತದೆ. ಆಗ ಕನ್ನಡದ ಹೆಸರಿನಲ್ಲಿ ಎಂದೂ ಕಾಣಿಸಿಕೊಳ್ಳದ ತಾಯಿಯ ಕಡೆಯ ಹೆಸರು ದಾಖಲೆಗೆ ಬರುತ್ತದೆಂಬುದು ಗಮನಾರ್ಹ.

ನಂಟಿನ ಪದಗಳಲ್ಲಿ ಚಿತ್ರ ಮಿಶ್ರವಾಗಿದೆ. 'ತಿಯೊ' ಎಂಬ ಒಂದೇ ಪದ ಸೋದರಮಾವ, ಚಿಕ್ಕಪ್ಪ, ದೊಡ್ಡಪ್ಪ ಮೂವರಿಗೂ ಸಲ್ಲುತ್ತದೆ. ಸ್ಪೇನಿನ ಆಡುಮಾತಿನಲ್ಲಿ ಗೆಳೆಯನನ್ನು 'ತಿಯೊ' ಎಂದು ಕರೆಯುವುದು ನಮ್ಮ 'ಮಾರಾಯ' ಎಂಬ ಕರೆಯಂತಿದೆ. ಆದರೆ ಮದುವೆಯಿಂದ ಬರುವ ನಂಟಿಗೆ ಸ್ಪ್ಯಾನಿಷಿನಲ್ಲಿ ಇಂಗ್ಲಿಷಿನಲ್ಲಿಲ್ಲದ ಪದಗಳಿವೆ. ವಧೂವರರ ತಂದೆಯರು ಪರಸ್ಪರ 'ಕೊನ್‌ಸ್ವೆಗ್ರೊ'ಗಳು, ಅಂದರೆ ಬೀಗರು. ಷಡ್ಡಕ, ಓರಗಿತ್ತಿಯರನ್ನು 'ಕೊಂಕುಞಾದೊ', 'ಕೊಂಕುಞಾದ' ಎಂಬ ಪದಗಳು ಒಳಗೊಳ್ಳುತ್ತವೆ. ಬೀಗರನ್ನು ಇಂಗ್ಲಿಷಿನಲ್ಲಿ ಪರಿಚಯಿಸಲು ತಡವರಿಸುವ ಕನ್ನಡಿಗನು ಸ್ಪ್ಯಾನಿಷಿನಲ್ಲಿ ಒಂದೇ ಪದದಲ್ಲಿ ಹೇಳಿ ಮುಗಿಸಬಹುದು.

೬. ಹೊತ್ತು ಮತ್ತು ಊಟ

ಕನ್ನಡದ 'ಹೊತ್ತು' (ಹಳಗನ್ನಡದ ಪೊೞ್ತು) ಎಂಬ ಪದಕ್ಕೆ ಸೂರ್ಯನೆಂದೂ ಕಾಲವೆಂದೂ ಅರ್ಥವುಂಟು. ಸ್ಪೇನಿನಲ್ಲಿ ಗಡಿಯಾರಕ್ಕೂ ಸೂರ್ಯನಿಗೂ ಹೊಂದಿಕೆಯಿಲ್ಲ. ಆ ದೇಶ ಗ್ರೀನಿಚ್ ರೇಖಾಂಶದ ಆಸುಪಾಸಿನಲ್ಲಿದ್ದರೂ ೧೯೪೦ರ ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಮಧ್ಯ ಯೂರೋಪಿನ ಕಾಲವನ್ನು ಅನುಸರಿಸತೊಡಗಿತು. ಕೆನರಿ ದ್ವೀಪಗಳ ಹೊರತು ಉಳಿದೆಡೆ ಅದೇ ಉಳಿದಿದೆ. ಬೇಸಗೆಯಲ್ಲಿ ಇನ್ನೊಂದು ಗಂಟೆ ಸೇರುವುದರಿಂದ ಜೂನ್ ತಿಂಗಳಲ್ಲಿ ಮಾದ್ರಿದ್ ನಗರದ ಸೂರ್ಯಾಸ್ತ ರಾತ್ರಿ ಒಂಬತ್ತೂಮುಕ್ಕಾಲರ ಸುಮಾರಿಗೆ ಆಗುತ್ತದೆ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕರೊಳಗೆ, ರಾತ್ರಿಯ ಊಟ ಒಂಬತ್ತು ಹತ್ತಕ್ಕೆ. ಇದನ್ನು ಸೋಮಾರಿತನವೆಂದು ಬಗೆಯುವುದು ಸರಿಯಲ್ಲ; ಸೂರ್ಯನ ಲೆಕ್ಕದಲ್ಲಿ ನೋಡಿದರೆ ಅವರ ಊಟದ ಹೊತ್ತು ನಮ್ಮದಕ್ಕಿಂತ ಬಹಳ ದೂರವೇನಿಲ್ಲ. ಊರುಗಳಲ್ಲಿ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುವುದು ನಮ್ಮ ಕರಾವಳಿಯ ಪೇಟೆಗಳನ್ನು ಕಂಡವರಿಗೆ ಹೊಸದಲ್ಲ.

ದಿನದ ವಿಭಾಗಗಳಲ್ಲಿ 'ಮದ್ರುಗಾದ' ಎಂಬುದು ನಡುರಾತ್ರಿಯಿಂದ ಬೆಳಗಿನವರೆಗಿನ ಕಾಲ. ಅದರ ಕೊನೆಯ ಭಾಗ ನಮ್ಮ ಬೆಳಗಿನ ಜಾವ. 'ತಾರ್ದೆ' ಎಂಬುದು ಮಧ್ಯಾಹ್ನ ಸಂಜೆಗಳೆರಡನ್ನೂ ಒಳಗೊಳ್ಳುತ್ತದೆ. ಬೆಳಗಿನ ವಂದನೆಯನ್ನು ಬಿಟ್ಟು 'ತಾರ್ದೆ'ಯ ವಂದನೆಗೆ ಹೊರಳುವುದು ಗಡಿಯಾರದ ಹನ್ನೆರಡಕ್ಕಲ್ಲ, ಬಹುಮಟ್ಟಿಗೆ ಊಟದ ಅನಂತರ. ಆದ್ದರಿಂದ 'ಸಂಜೆ ಬನ್ನಿ' ಎಂಬ ಅರ್ಥದಲ್ಲಿ ತಿಳಿದ ಮಾತಿಗೆ ಗಂಟೆಯನ್ನೂ ಕೇಳಿಕೊಳ್ಳುವುದು ಲೇಸು. ಊಟ ಮುಗಿದ ಮೇಲೂ ಮೇಜಿನ ಸುತ್ತ ಕುಳಿತು ಮಾತನಾಡುವುದಕ್ಕೆ 'ಸೊಬ್ರೆಮೇಸ' ಎಂಬ ಹೆಸರಿದೆ. ಎಲೆಯಡಿಕೆ ಹಾಕಿಕೊಳ್ಳುತ್ತ ಜಗಲಿಯಲ್ಲಿ ನಡೆಯುತ್ತಿದ್ದ ಮಾತುಕತೆಗೆ ಇದನ್ನು ಹೋಲಿಸಬಹುದು. ಊಟವಾದೊಡನೆ ಎದ್ದುಹೋದರೆ ಅಲ್ಲಿನವರು ತಪ್ಪು ತಿಳಿಯುತ್ತಾರೆ. ನಂಟು ಬೆಳೆಯುವುದು ಆ ಹೊತ್ತಿನಲ್ಲಿಯೇ.

ಸಸ್ಯಾಹಾರಿಗಳ ತೊಡಕೂ ಮೂಲತಃ ಪದಾರ್ಥದ ಹರಹಿಗೆ ಸಂಬಂಧಿಸಿದೆ. 'ಕಾರ್ನೆ' ಎಂಬುದನ್ನು ಪದಕೋಶ 'ಮಾಂಸ' ಎಂದು ಅನುವಾದಿಸುತ್ತದೆ. ಬಳಕೆಯಲ್ಲಿ ಅದು ಮೀನನ್ನು ಒಳಗೊಳ್ಳುವುದಿಲ್ಲ. ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸವಾದ 'ಹಮೋನ್' ಕೂಡ ಅನೇಕರ ಮನಸ್ಸಿನಲ್ಲಿ ಅದರಿಂದ ಹೊರಗೆ. 'ಕಾರ್ನೆ ಬೇಡ' ಎಂದವನ ತಟ್ಟೆಯ ತರಕಾರಿಯಲ್ಲಿ ಹಮೋನ್ ಚೂರುಗಳು ಬರುವುದು ಇದರಿಂದ. ಬೇಡವಾದುದನ್ನು ಒಂದೊಂದಾಗಿ ಹೆಸರಿಸುವುದೇ ದಾರಿ. 'ತೊರ್ತಿಯ' ಎಂದರೆ ಸ್ಪೇನಿನಲ್ಲಿ ಮೊಟ್ಟೆ ಆಲೂಗಡ್ಡೆಗಳ ತಿನಿಸು. ಮೆಕ್ಸಿಕೊದಲ್ಲಿ ಮುಸುಕಿನ ಜೋಳದ ತೆಳು ರೊಟ್ಟಿ. ಪರಿಚಿತ ಪದಗಳೂ ಅಲ್ಲಲ್ಲಿ ಎದುರಾಗುತ್ತವೆ. ಪೋರ್ಚುಗೀಸರ ಮೂಲಕ ಕನ್ನಡಕ್ಕೆ ಬಂದ ಪಗಾರ, ಪಾದ್ರಿ, ಅಲಮಾರು, ಬಟಾಟೆ ಇವುಗಳ ಸೋದರಪದಗಳು ಸ್ಪ್ಯಾನಿಷಿನಲ್ಲಿವೆ. 'ಪಗಾರ್' ಎಂದರೆ ಅಲ್ಲಿ 'ಹಣ ಕೊಡು'. ಸಂಸ್ಕೃತದ ಶರ್ಕರಾ, ನಾರಂಗ ಪದಗಳು ಪಾರಸಿ ಅರಬ್ಬಿಗಳ ಹಾದಿಯಲ್ಲಿ ಸಾಗಿ 'ಅಸೂಕರ್', 'ನರಾನ್ಹ' ಎಂದು ಅಲ್ಲಿ ನೆಲೆಗೊಂಡಿವೆ.

೭. ನಾಡಿನೊಳಗಿನ ನುಡಿಗಳು

'ಸ್ಪ್ಯಾನಿಷ್ ನಾಡು' ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಸ್ಪೇನಿನ ೧೯೭೮ರ ಸಂವಿಧಾನದ ಮೂರನೆಯ ವಿಧಿಯು ಕಸ್ತಿಲಿಯನ್ ಭಾಷೆಯನ್ನು ಇಡೀ ರಾಷ್ಟ್ರದ ಅಧಿಕೃತ ಭಾಷೆಯೆಂದು ಸಾರಿ, ಉಳಿದ ಭಾಷೆಗಳು ತಮ್ಮ ತಮ್ಮ ಸ್ವಾಯತ್ತ ಪ್ರದೇಶಗಳಲ್ಲಿ ಅಧಿಕೃತವೆಂದು ಹೇಳುತ್ತದೆ. ನಾವು ಸ್ಪ್ಯಾನಿಷ್ ಎನ್ನುವುದೇ ಈ ಕಸ್ತಿಲಿಯನ್. ಕಾತಲಾನ್, ಬಾಸ್ಕ್, ಗಲೀಸಿಯನ್ ಭಾಷೆಗಳಿಗೆ ತಮ್ಮದೇ ಸಾಹಿತ್ಯವಿದೆ. ೧೯೩೯ರಿಂದ ೧೯೭೫ರವರೆಗಿನ ಫ್ರಾಂಕೊ ಆಳ್ವಿಕೆಯಲ್ಲಿ ಇವು ಶಾಲೆ ಕಚೇರಿಗಳಿಂದ ಹೊರಗುಳಿದಿದ್ದವು. ಕಾತಲೂನ್ಯದಲ್ಲಿ ೧೯೮೩ರ ಭಾಷಾ ಕಾನೂನಿನ ಅನಂತರ ಕಾತಲಾನ್ ಶಿಕ್ಷಣದಲ್ಲಿ ಮತ್ತೆ ನೆಲೆಯೂರಿತು.

ಬಾಸ್ಕ್ ಭಾಷೆಯ ಒಂದು ಅಂಶ ಕನ್ನಡ ವಿದ್ಯಾರ್ಥಿಯ ಗಮನ ಸೆಳೆಯುತ್ತದೆ. ಅದರಲ್ಲಿ 'ಎಚೆ' ಎಂದರೆ ಮನೆ, 'ಎಚೆಆನ್' ಮನೆಯಲ್ಲಿ, 'ಎಚೆರ' ಮನೆಗೆ, 'ಎಚೆತಿಕ್' ಮನೆಯಿಂದ. ಪ್ರಕೃತಿಗೆ ಪ್ರತ್ಯಯ ಹತ್ತಿಸುವ ಈ ಕ್ರಮ ಕನ್ನಡವನ್ನು ನೆನಪಿಸಿದರೂ ಎರಡಕ್ಕೂ ವಂಶಸಂಬಂಧ ಸಿದ್ಧವಾಗಿಲ್ಲ. ಬಾಸ್ಕ್ ಯಾವ ಭಾಷಾಕುಟುಂಬಕ್ಕೂ ಸೇರದ ಒಂಟಿ ಭಾಷೆಯೆಂದು ಭಾಷಾವಿಜ್ಞಾನಿಗಳು ಪರಿಗಣಿಸುತ್ತಾರೆ.

ಬಾರ್ಸೆಲೋನದಲ್ಲಿ ನೆಲೆಸಿದ ಕನ್ನಡಿಗನು ಕಷ್ಟಪಟ್ಟು ಸ್ಪ್ಯಾನಿಷ್ ಕಲಿತ ಮೇಲೆ ಮಗುವಿನ ಶಾಲೆಯಿಂದ ಬರುವ ಪತ್ರ ಕಾತಲಾನಿನಲ್ಲಿರುವುದನ್ನು ಕಂಡು 'ಇನ್ನೊಂದೇಕೆ?' ಎಂದು ಕೇಳುವುದು ಸಹಜ. ಬೆಂಗಳೂರಿನಲ್ಲಿ ಹತ್ತಾರು ವರ್ಷ ಇದ್ದೂ ಕನ್ನಡ ಕಲಿಯದವರು ಕೇಳುವ ಪ್ರಶ್ನೆಯೂ ಇದೇ ಆಗಿದೆ. ನೆಲದ ನುಡಿಯನ್ನು ಕಲಿಯಬೇಕೆಂದು ಊರಿನಲ್ಲಿ ಬಯಸಿದವನು ಪರನಾಡಿನಲ್ಲಿ ಅದೇ ಬಯಕೆಯನ್ನು ಮನ್ನಿಸಬೇಕಾಗುತ್ತದೆ. ಕಾತಲಾನಿನಲ್ಲಿ ನಾಲ್ಕು ಮಾತು ಆಡಿದ ಹೊರಗಿನವನಿಗೆ ದೊರೆಯುವ ಆದರವು, ಕನ್ನಡದಲ್ಲಿ ನಾಲ್ಕು ಮಾತು ಆಡಿದ ಹೊರಗಿನವನಿಗೆ ನಾವು ತೋರುವ ಆದರವೇ ಆಗಿದೆ. ಲ್ಯಾಟಿನ್ ಅಮೆರಿಕದಲ್ಲಿಯೂ ಇಂಥ ನೆಲದ ನುಡಿಗಳುಂಟು. ಪರಗ್ವೇ ದೇಶದ ೧೯೯೨ರ ಸಂವಿಧಾನವು ಸ್ಪ್ಯಾನಿಷ್ ಜೊತೆಗೆ ಗ್ವರಾನಿಯನ್ನೂ ಅಧಿಕೃತ ಭಾಷೆಯನ್ನಾಗಿ ಮಾಡಿದೆ.

೮. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಸ್ವರವ್ಯಂಜನಗಳು, ಚತುರ್ಥಿಯ ವಾಕ್ಯಗಳು, ಸರ್ವನಾಮಲೋಪ, ನಂಟಿನ ಪದಗಳು, ವಿಧ್ಯರ್ಥಕದ ಬಳಕೆ ಇವುಗಳಲ್ಲಿ ಕನ್ನಡವು ಇಂಗ್ಲಿಷಿಗಿಂತ ಸ್ಪ್ಯಾನಿಷಿಗೆ ಹತ್ತಿರವಾಗಿದ್ದು, ಕಲಿಕೆಯ ನೇರ ಸೇತುವೆಯಾಗಬಲ್ಲದು. ಎರಡು, ಸಂಬೋಧನೆ, ಹೆಸರು, ದಿನವಿಭಾಗ, ಆಹಾರಪದಗಳಲ್ಲಿ ಹೊರಗಿನ ಸಾಮ್ಯವು ಒಳಗಿನ ಭೇದವನ್ನು ಮರೆಸುವುದರಿಂದ ಮನಸ್ತಾಪಗಳಿಗೆ ಎಡೆಯಾಗುತ್ತದೆ. ಮೂರು, ಇವೆಲ್ಲವೂ ಕೇವಲ ಪಾಠದ ವಿಷಯಗಳಲ್ಲ. ಭಾರತೀಯರಂಥ ವಿದೇಶೀಯರಿಗೆ ಸ್ಪ್ಯಾನಿಷ್ ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳ ವಾಸ ಬೇಕು. ೨೦೧೫ರಿಂದ ಭಾಷಾಪರೀಕ್ಷೆಯೂ ಕಡ್ಡಾಯವಾಗಿದೆ. ಅದಕ್ಕಿಂತ ಮುಖ್ಯವಾಗಿ, ವೈದ್ಯನಿಗೆ ತನ್ನ ನೋವನ್ನು ತಾನೇ ಹೇಳಿಕೊಳ್ಳಲಾರದೆ ಶಾಲೆಗೆ ಹೋಗುವ ಮಗುವನ್ನು ದುಭಾಷಿಯಾಗಿ ಕರೆದೊಯ್ಯಬೇಕಾದ ತಾಯಿಯ ಸ್ವಾಭಿಮಾನದ ಪ್ರಶ್ನೆ ಇದರಲ್ಲಿ ಅಡಗಿದೆ.

ಆದ್ದರಿಂದ ಕನ್ನಡ ಅಧ್ಯಯನ ವಿಭಾಗಗಳು ವಿದೇಶೀ ಭಾಷಾ ವಿಭಾಗಗಳ ಸಹಕಾರದಿಂದ ಕನ್ನಡ ಮಾಧ್ಯಮದ ಸ್ಪ್ಯಾನಿಷ್ ಪಾಠಗಳನ್ನು ರಚಿಸುವುದು ಅಪೇಕ್ಷಣೀಯ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿಯೇ ವಿವರಣೆ, ಒತ್ತನ್ನು ಗುರುತಿಸುವ ಲಿಪ್ಯಂತರ, ಆಸ್ಪತ್ರೆ, ನಗರಸಭೆ, ಶಾಲೆ, ಸಂತೆಗಳ ಸಂಭಾಷಣೆ ಇಷ್ಟನ್ನು ಒಳಗೊಂಡ ಒಂದು ಸಣ್ಣ ಕೈಪಿಡಿಯಿಂದ ಈ ಕೆಲಸವನ್ನು ಆರಂಭಿಸಬಹುದು. ಇಂಥ ಕೈಪಿಡಿಯಿಂದ ಇನ್ನೊಂದು ಪ್ರಯೋಜನವೂ ಉಂಟು. ಹೊಸ ಭಾಷೆಯನ್ನು ಕನ್ನಡದ ಮೂಲಕ ಕಲಿತ ಮನೆಯಲ್ಲಿ ಕನ್ನಡವು ಊರಿನ ನೆನಪಿನ ಭಾಷೆಯಾಗಿ ಮಾತ್ರ ಉಳಿಯದೆ, ಮಕ್ಕಳ ದಿನನಿತ್ಯದ ತಿಳಿವಳಿಕೆಗೆ ಒದಗುವ ಭಾಷೆಯಾಗಿಯೂ ಬಾಳುತ್ತದೆ. ಕನ್ನಡವನ್ನು ಪರಭಾಷಿಕರಿಗೆ ಕಲಿಸುವ ಕಾರ್ಯದ ಜೊತೆಗೆ, ಪರಭಾಷೆಗಳನ್ನು ಕನ್ನಡದ ಮೂಲಕ ಕಲಿಸುವ ಕಾರ್ಯವೂ ನಮ್ಮ ವಿಭಾಗಗಳ ಹೊಣೆಯಾಗಬೇಕು.